ಎರಡು ತೂತಿನ ಪೆಟ್ಟಿಗೆಯೂ ಡ್ರಮ್ಮರ್‌ನ ಪಾಡೂ

ಮನೆಯಲ್ಲೇ ಸ್ಟುಡಿಯೋ ಮಾಡಿಕೊಂಡಿರುವ ಯಾರನ್ನಾದರೂ ಮಾತಾಡಿಸಿ ನೋಡಿ. ಡ್ರಮ್ಸ್ ವಿಷಯ ಬಂದ ತಕ್ಷಣ ಒಂದೇ ಮಾತು. "ಡ್ರಮ್ಸ್ ರೆಕಾರ್ಡ್ ಮಾಡೋದಾ? ಯಾಕೆ ಸಾರ್ ತಲೆನೋವು, ಸಾಫ್ಟ್‌ವೇರಲ್ಲೇ ಎಲ್ಲಾ ಸಿಗುತ್ತಲ್ಲ!"

ಈ ಮಾತಿನ ಮೇಲೆ ನನಗೆ ಬಹಳ ದಿನದಿಂದ ಸಿಟ್ಟಿದೆ. ಎದುರಿಗೆ ಹೇಳಿದರೆ ಜಗಳ ಆಗುತ್ತೆ ಅಂತ ಸುಮ್ಮನಿದ್ದೆ. ಇವತ್ತು ಇಲ್ಲಿ ಕಕ್ಕಿಬಿಡ್ತೀನಿ, ನೀವೇ ತೀರ್ಪು ಕೊಡಿ.

ನನ್ನ ವಾದ ಇಷ್ಟೇ. ಡ್ರಮ್ಮರ್ ಬೇಡ ಅಂತ ತೀರ್ಮಾನ ಮಾಡಿದ್ದು ಇವರ ಕಿವಿ ಅಲ್ಲ, ಇವರ ಮೇಜಿನ ಮೇಲಿರುವ ಎರಡು ಇನ್‌ಪುಟ್‌ನ ಪೆಟ್ಟಿಗೆ. ಎರಡೇ ಮೈಕ್ ಚುಚ್ಚೋಕೆ ಜಾಗ ಇರೋದರಿಂದ ಡ್ರಮ್ಸ್ ಆಗಲ್ಲ. ಆಗಲ್ಲ ಅನ್ನೋಕೆ ನಾಚಿಕೆ. ಹಾಗಾಗಿ "ಬೇಡ" ಅಂತಾರೆ. ಕೈಗೆಟುಕದ ದ್ರಾಕ್ಷಿ ಹುಳಿ ಅಂದ ನರಿ ಕತೆ ನಮಗೇನು ಹೊಸದಲ್ಲವಲ್ಲ :-) ಆದರೆ ಈ ಹುಳಿ ದ್ರಾಕ್ಷಿಯ ಲೆಕ್ಕದಲ್ಲಿ ಕೆಲಸ ಕಳೆದುಕೊಳ್ಳೋದು ಮಾತ್ರ ಬೇರೆ ಯಾರೋ.

ಸಂಗೀತದ ತಾಂತ್ರಿಕ ಗೋಜು ಗೊತ್ತಿಲ್ಲದ ಗೆಳೆಯರಿಗೆ ಸ್ವಲ್ಪ ವಿವರ. ಮೈಕ್‌ನಿಂದ ಬರುವ ಸದ್ದನ್ನ ಅಂಕಿಗಳಾಗಿ ಬದಲಾಯಿಸಿ ಕಂಪ್ಯೂಟರಿಗೆ ಕಳಿಸುವ ಪೆಟ್ಟಿಗೆಗೆ ಆಡಿಯೋ ಇಂಟರ್‌ಫೇಸ್ ಅಂತಾರೆ. ಒಂದು ಮೈಕ್‌ಗೆ ಒಂದು ದಾರಿ, ಅದೇ ಚಾನೆಲ್. ಸಾಮಾನ್ಯವಾಗಿ ಮನೆ ಸ್ಟುಡಿಯೋಗಳಲ್ಲಿ ಎರಡು ಚಾನೆಲ್ ಇರುತ್ತೆ. ಹಾಡೋಕೆ ಒಂದು, ಗಿಟಾರಿಗೆ ಒಂದು. ಅಷ್ಟಕ್ಕೆ ಧಾರಾಳವಾಗಿ ಸಾಕು.

ಡ್ರಮ್ಸ್ ಮಾತ್ರ ಹಾಗಲ್ಲ. ಹೆಸರು ಒಂದೇ ಆದರೂ ಅದೊಂದು ಅವಿಭಕ್ತ ಕುಟುಂಬ. ಕಾಲಲ್ಲಿ ತುಳಿಯುವ ಕಿಕ್, ಮುಂದೆ ಸ್ನೇರ್, ಪಕ್ಕದಲ್ಲಿ ಹೈಹ್ಯಾಟ್, ಮೇಲೆ ಎರಡು ಟಾಮ್, ನೆಲದ ಮೇಲೆ ದೊಡ್ಡ ಫ್ಲೋರ್ ಟಾಮ್. ಇವರಿಗೆಲ್ಲ ಒಂದೊಂದು ಮೈಕ್ ಅಂದರೆ ಆರು. ಸಿಂಬಲ್‌ಗಳನ್ನೂ ಒಟ್ಟು ಸದ್ದನ್ನೂ ಹಿಡಿಯೋಕೆ ತಲೆಯ ಮೇಲೆ ಎರಡು, ಅಂದರೆ ಓವರ್‌ಹೆಡ್. ಒಟ್ಟು ಎಂಟು. ಎಂಟು ಜನ ಊಟಕ್ಕೆ ಬಂದಿರುವಾಗ ಎರಡೇ ಎಲೆ ಹಾಕಿ, "ಯಾಕೋ ಯಾರಿಗೂ ಹಸಿವೇ ಇಲ್ಲ" ಅಂದರೆ ಹೇಗಿರುತ್ತೆ? ನಮ್ಮ ಮನೆ ಸ್ಟುಡಿಯೋಗಳ ಕತೆ ಇದೇ.

ಇದಕ್ಕೆ ಬರುವ ಮೊದಲನೇ ಆಕ್ಷೇಪಣೆ ಬಹಳ ಠೀವಿಯದ್ದು. "ಹಿಂದಿನವರು ಎರಡು ಮೂರು ಮೈಕಲ್ಲೇ ಡ್ರಮ್ಸ್ ಹಿಡಿದಿಲ್ವಾ?"

ಹಿಡಿದಿದ್ದಾರೆ ಸ್ವಾಮಿ, ಯಾರು ಇಲ್ಲ ಅಂದ್ರು! 1969ರಲ್ಲಿ ಬಂದ ಲೆಡ್ ಝೆಪಲಿನ್‌ನ ಮೊದಲ ಆಲ್ಬಮ್ಮಿನ ಇಂಜಿನಿಯರ್ ಗ್ಲಿನ್ ಜಾನ್ಸ್. ಡ್ರಮ್ಸ್‌ಗೆ ಕೆಲವೇ ಮೈಕ್ ಇಡುವ ಒಂದು ಪದ್ಧತಿಗೆ ಅವರ ಹೆಸರೇ ಇದೆ. ಒಂದು ಮೈಕ್ ಮೇಲೆ, ಇನ್ನೊಂದು ಫ್ಲೋರ್ ಟಾಮ್ ಪಕ್ಕ, ಎರಡೂ ಸ್ನೇರ್‌ನಿಂದ ಸಮ ದೂರದಲ್ಲಿ. ಜೊತೆಗೆ ಕಿಕ್‌ಗೊಂದು, ಸ್ನೇರ್‌ಗೊಂದು. 1971ರಲ್ಲಿ ಅವರ ತಮ್ಮ ಆಂಡಿ ಜಾನ್ಸ್ ಇನ್ನೂ ಮುಂದೆ ಹೋದರು. ಇಂಗ್ಲೆಂಡಿನ ಹೆಡ್ಲಿ ಗ್ರೇಂಜ್ ಅನ್ನೋ ಹಳೇ ಮನೆಯಲ್ಲಿ ಡ್ರಮ್ಸ್‌ನ ಮಹಡಿ ಮೆಟ್ಟಿಲ ಕೆಳಗೆ ಇಟ್ಟು, ಮೇಲಿನ ಅಂತಸ್ತಿನಿಂದ ಎರಡು ಬೇಯರ್‌ಡೈನಾಮಿಕ್ ಮೈಕ್ ಇಳಿಬಿಟ್ಟು, ಜಾನ್ ಬಾನಮ್‌ನ ಬಾರಿಕೆ ಹಿಡಿದರು. 'ವೆನ್ ದ ಲೆವಿ ಬ್ರೇಕ್ಸ್' ಹಾಡಿನ ಆ ಡ್ರಮ್ಸ್ ಸದ್ದನ್ನ ಇವತ್ತಿಗೂ ಜನ ಬಾಯಿ ಬಿಟ್ಟು ಕೇಳ್ತಾರೆ.

ಈ ಉದಾಹರಣೆ ಕೊಡೋರು ಒಂದು ಮಾತು ನುಂಗಿಬಿಡ್ತಾರೆ. ಅಲ್ಲಿ ಅಷ್ಟೆತ್ತರದ ಮೆಟ್ಟಿಲ ಅಂಕಣ ಇತ್ತು. ಅಲ್ಲಿ ಸದ್ದು ಮಾಡಿದ್ದು ಅರ್ಧ ಬಾನಮ್, ಅರ್ಧ ಆ ಮನೆ. ನಮ್ಮ ಹತ್ರ ಇರೋದೇನು? ಹತ್ತು ಹನ್ನೆರಡು ಅಡಿ ರೂಮು, ಹತ್ತಡಿ ಎತ್ತರದ ತಾರಸಿ. ಒಂದು ಗೋಡೆಗೆ ಬೀರು, ಇನ್ನೊಂದಕ್ಕೆ ಕಿಟಕಿ. ತಾರಸಿಯಿಂದ ಎರಡಡಿ ಕೆಳಗೆ ಓವರ್‌ಹೆಡ್ ಮೈಕ್ ಕಟ್ಟಿ ನೋಡಿ. ಡ್ರಮ್‌ನಿಂದ ನೇರ ಬಂದ ಸದ್ದು ಒಂದು ಸಲ ಬೀಳುತ್ತೆ. ಅದೇ ಸದ್ದು ತಾರಸಿಗೆ ಬಡಿದು ವಾಪಸ್ಸು ಬಂದು, ನಾಲ್ಕಡಿ ಹೆಚ್ಚು ನಡೆದು, ಸುಮಾರು ಮೂರೂವರೆ ಮಿಲಿಸೆಕೆಂಡ್ ತಡವಾಗಿ ಇನ್ನೊಂದು ಸಲ ಬೀಳುತ್ತೆ. ಇವೆರಡೂ ಸೇರಿದಾಗ ಕೆಲವು ಸ್ವರಸ್ಥಾನ ಉಬ್ಬುತ್ತೆ, ಕೆಲವು ಕರಗಿಹೋಗುತ್ತೆ. ತಗಡಿನ ಡಬ್ಬ ಬಾರಿಸಿದ ಹಾಗೆ ಕೇಳಿಸೋದು ಅದಕ್ಕೇ.

ಹಾಗಾಗಿ ಈ ವಾದವನ್ನ ತಲೆಕೆಳಗು ಮಾಡಬೇಕು. ಎರಡು ಮೈಕ್ ಸಾಕು ಅನ್ನೋ ಭಾಗ್ಯ ಇರೋದು ಒಳ್ಳೇ ಕೋಣೆ ಇದ್ದವರಿಗೆ. ಕೆಟ್ಟ ಕೋಣೆ ಇರೋರಿಗೇ ಹೆಚ್ಚು ಚಾನೆಲ್ ಬೇಕು. ಪ್ರತಿ ಡ್ರಮ್ಮಿಗೂ ಹತ್ತಿರದಲ್ಲೇ ಒಂದು ಮೈಕ್ ಇಟ್ಟರೆ ಡ್ರಮ್ಮಿನ ಸದ್ದು ಜೋರಾಗಿ, ಗೋಡೆಯ ಸದ್ದು ಸಣ್ಣಗೆ ಬರುತ್ತೆ. ಆಮೇಲೆ ಓವರ್‌ಹೆಡ್‌ನ ಎಷ್ಟು ಬೇಕೋ ಅಷ್ಟು ಮಾತ್ರ ಬೆರೆಸಿಕೊಳ್ಳಬಹುದು. ಎಂಟು ಚಾನೆಲ್ ಶ್ರೀಮಂತರ ಶೋಕಿ ಅಂತೀರಲ್ಲ, ಬಾಡಿಗೆ ಮನೆ ರೂಮಲ್ಲಿ ಕೂತಿರೋನಿಗೇ ಅದರ ಅಗತ್ಯ ಹೆಚ್ಚು.

"ಬೀಟಲ್ಸ್ ನಾಲ್ಕೇ ಟ್ರ್ಯಾಕಲ್ಲಿ 1967ರ ಸಾರ್ಜೆಂಟ್ ಪೆಪ್ಪರ್ ಮಾಡಿದ್ರಲ್ಲ" ಅನ್ನೋರೂ ಇದ್ದಾರೆ. ನಾಲ್ಕು ಟ್ರ್ಯಾಕ್ ಇದ್ದಿದ್ದು ಟೇಪಿನಲ್ಲಿ. ಮೈಕುಗಳೆಲ್ಲ ಮೊದಲು ಕನ್ಸೋಲಿಗೆ ಹೋಗಿ, ಅಲ್ಲಿ ಬೆರೆತು, ಆಮೇಲೆ ಟೇಪಿಗೆ ಇಳೀತಿದ್ದವು. ಟ್ರ್ಯಾಕ್ ಬೇರೆ, ಇನ್‌ಪುಟ್ ಬೇರೆ. ಆ ದಾರಿ ಇವತ್ತಿಗೂ ಇದೆ. ಒಂದು ಸಣ್ಣ ಮಿಕ್ಸರಿಗೆ ಎಂಟು ಮೈಕ್ ಚುಚ್ಚಿ, ಅದರಿಂದ ಎರಡು ವೈರ್ ಎಳೆದು ನಿಮ್ಮ ಪೆಟ್ಟಿಗೆಗೆ ಕೊಡಬಹುದು. ದುಡ್ಡಿಲ್ಲದಾಗ ತಪ್ಪೇನಿಲ್ಲ. ಆದರೆ ಕಾಫಿಗೆ ಸಕ್ಕರೆ ಕಲಸಿದ ಮೇಲೆ ವಾಪಸ್ ತೆಗೆಯೋಕಾಗಲ್ಲ. ಸ್ನೇರ್ ಜಾಸ್ತಿ ಆಯ್ತು ಅಂತ ರಾತ್ರಿ ಗೊತ್ತಾದರೆ ಬೆಳಿಗ್ಗೆ ಮತ್ತೆ ಡ್ರಮ್ಮರ್‌ನ ಕರೀಬೇಕು. ಆ ಕೈಚಳಕ ಬೀಟಲ್ಸ್ ಇಂಜಿನಿಯರ್‌ಗಳಿಗೆ ಇತ್ತು. ಕಲಿಯೋ ಹಂತದಲ್ಲಿ ಇರೋರಿಗೆ ಎಂಟೂ ಬೇರೆ ಬೇರೆ ಇದ್ದರೆ ಒಳ್ಳೇದು.

ಎರಡನೇ ಗುಂಪಿನವರು ಜಾಣರು. "ಸರಿ, ಚಾನೆಲ್ ಬೇಕು ತಾನೇ? ಇದೇ ಥರದ್ದು ಇನ್ನೊಂದು ಎರಡು ಚಾನೆಲ್ ಪೆಟ್ಟಿಗೆ ತಗೊಂಡು ಪಕ್ಕದ ಯುಎಸ್‌ಬಿಗೆ ಚುಚ್ತೀನಿ. ಎರಡು ಎರಡು ನಾಲ್ಕು!"

ಗಣಿತ ಸರಿ, ಗಡಿಯಾರ ತಪ್ಪು. ಹಾಲ್‌ನಲ್ಲೊಂದು ಅಡುಗೆಮನೆಯಲ್ಲೊಂದು ಗೋಡೆ ಗಡಿಯಾರ ಇದೆ ಅಂದ್ಕೊಳ್ಳಿ. ಯುಗಾದಿ ದಿನ ಎರಡಕ್ಕೂ ಒಂದೇ ಟೈಮ್ ಇಡಿ. ದೀಪಾವಳಿ ಹೊತ್ತಿಗೆ ಎರಡೂ ಬೇರೆ ಬೇರೆ ಹೇಳ್ತಿರುತ್ತವೆ. ಪ್ರತಿ ಇಂಟರ್‌ಫೇಸ್ ಒಳಗೂ ಹೀಗೇ ಒಂದೊಂದು ಗಡಿಯಾರ ಇದೆ. ಸೆಕೆಂಡಿಗೆ 48,000 ಸಲ ಸದ್ದನ್ನ ಅಳೆಯೋದು ಅದರ ಕೆಲಸ. ಎರಡು ಪೆಟ್ಟಿಗೆಗಳ ಮಧ್ಯೆ ಲಕ್ಷಕ್ಕೆ ಬರೀ ಒಂದರಷ್ಟು ವ್ಯತ್ಯಾಸ ಇದೆ ಅಂತಿಟ್ಟುಕೊಳ್ಳಿ. ಐದು ನಿಮಿಷದ ಹಾಡಿಗೆ 1 ಕೋಟಿ 44 ಲಕ್ಷ ಅಳತೆ. ಲಕ್ಷಕ್ಕೊಂದು ಅಂದರೆ ಹಾಡಿನ ಕೊನೆಗೆ 144 ಅಳತೆಯ ಅಂತರ, ಅಂದರೆ 3 ಮಿಲಿಸೆಕೆಂಡ್. ಅಷ್ಟು ಹೊತ್ತಿನಲ್ಲಿ ಸದ್ದು ಸುಮಾರು ಒಂದು ಮೀಟರ್ ಹೋಗುತ್ತೆ. ಹಾಡು ಶುರುವಾದಾಗ ಇದ್ದಲ್ಲಿಂದ ಮೈಕ್ ನಿಧಾನಕ್ಕೆ ತೆವಳಿಕೊಂಡು ಒಂದು ಮೀಟರ್ ಆಚೆ ಹೋಗಿ ಕೂತ ಹಾಗಾಯ್ತು!

ಹಾಡು ಒಂದರಲ್ಲಿ, ಗಿಟಾರ್ ಇನ್ನೊಂದರಲ್ಲಿ ಇದ್ದರೆ ಇದು ಕಿವಿಗೆ ಬೀಳದೆ ಹೋಗಬಹುದು. ಆದರೆ ಒಂದೇ ಸ್ನೇರ್ ಏಟು ಆರು ಮೈಕಿನಲ್ಲೂ ಬೀಳುತ್ತಲ್ಲ, ಅಲ್ಲಿ ಈ ಅಂತರ ಸದ್ದಿನ ಮೈಕಟ್ಟನ್ನೇ ಸಡಿಲ ಮಾಡುತ್ತೆ. ಮ್ಯಾಕ್‌ನಲ್ಲಿ ಎರಡು ಪೆಟ್ಟಿಗೆಯನ್ನ ಒಂದು ಅಂತ ತೋರಿಸಿ, ಗಡಿಯಾರದ ವ್ಯತ್ಯಾಸ ಸರಿದೂಗಿಸೋ ಸೌಲಭ್ಯ ಇದೆ. ವಿಂಡೋಸ್‌ನಲ್ಲಿ ರೆಕಾರ್ಡಿಂಗ್ ತಂತ್ರಾಂಶಗಳು ಬಳಸೋ ಆಸಿಯೋ ಪದ್ಧತಿಗೆ ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಡ್ರೈವರ್. ಅದನ್ನೂ ದಾಟೋ ಉಪಾಯಗಳಿವೆ, ಆದರೆ ಅವೆಲ್ಲ ತೇಪೆ. ಡ್ರಮ್ಸ್‌ನಂಥ ಕೆಲಸಕ್ಕೆ ತೇಪೆ ನಿಲ್ಲಲ್ಲ.

ಸರಿಯಾದ ದಾರಿ ಯಾವುದು ಹಾಗಾದರೆ? ನಿಮ್ಮ ಇಂಟರ್‌ಫೇಸಿನ ಹಿಂಭಾಗ ತಿರುಗಿಸಿ ನೋಡಿ. ಸಣ್ಣ ಚೌಕದ, ಮುಚ್ಚಳ ಇರುವ ಒಂದು ತೂತು ಕಾಣಿಸಿದರೆ, ಅದರ ಮೇಲೆ ಎಡಾಟ್ ಅಂತ ಬರೆದಿದ್ದರೆ, ನಿಮಗೆ ಗೊತ್ತಿಲ್ಲದೆ ಮನೆಯಲ್ಲಿ ನಿಧಿ ಇದೆ. 1991ರಲ್ಲಿ ಅಲೆಸಿಸ್ ಕಂಪನಿ ಎಡಾಟ್ ಅನ್ನೋ ಯಂತ್ರ ಪ್ರಕಟಿಸಿತು. ವಿಡಿಯೋ ಕ್ಯಾಸೆಟ್ ಜಾತಿಯ ಎಸ್-ವಿಎಚ್‌ಎಸ್ ಟೇಪಿನಲ್ಲಿ ಎಂಟು ಟ್ರ್ಯಾಕ್ ಡಿಜಿಟಲ್ ರೆಕಾರ್ಡಿಂಗ್ ಮಾಡೋ ಯಂತ್ರ ಅದು. ಆ ಟೇಪ್ ಯಂತ್ರ ಮೂಲೆಗೆ ಸೇರಿ ಎಷ್ಟೋ ವರ್ಷ ಆಯ್ತು. ಆದರೆ ಅದಕ್ಕಾಗಿ ಮಾಡಿದ ಬೆಳಕಿನ ತಂತಿಯ ಪದ್ಧತಿ ಮಾತ್ರ ಇವತ್ತಿಗೂ ಬದುಕಿದೆ. ಕಡ್ಡಿ ಗಾತ್ರದ ಒಂದೇ ತಂತಿಯಲ್ಲಿ ಎಂಟು ಚಾನೆಲ್ ಸದ್ದು ಬೆಳಕಾಗಿ ಹರಿದು ಬರುತ್ತೆ.

ಎಂಟು ಮೈಕ್ ಪ್ರೀಆಂಪ್ ಇದ್ದು ಈ ತಂತಿಗೆ ಕೊಡುವ ಪೆಟ್ಟಿಗೆಗಳು ಸಿಗುತ್ತವೆ. ಬೆಹ್ರಿಂಗರ್ ಎಡಿಎ 8200 ಒಂದು ಉದಾಹರಣೆ. ಅದರ ಔಟ್‌ನಿಂದ ನಿಮ್ಮ ಇಂಟರ್‌ಫೇಸಿನ ಇನ್‌ಗೆ ಒಂದು ತಂತಿ. ಇಂಟರ್‌ಫೇಸಿನ ಸೆಟ್ಟಿಂಗಿನಲ್ಲಿ ಗಡಿಯಾರ 'ಎಡಾಟ್' ಅಂತ ಆರಿಸಬೇಕು. ಬೆಳಕಿನ ಜೊತೆಗೇ ಗಡಿಯಾರವೂ ಬರುತ್ತೆ. ಮನೆಗೊಬ್ಬನೇ ಯಜಮಾನ ಆದ ಮೇಲೆ ಜಗಳ ಇಲ್ಲ. ಇದೊಂದು ಸೆಟ್ಟಿಂಗ್ ಮರೆತರೆ ಟಿಕ್ ಟಿಕ್ ಸದ್ದು ಬರುತ್ತೆ, ಆಗ ಪೆಟ್ಟಿಗೆ ಕೆಟ್ಟಿದೆ ಅಂತ ಅಂಗಡಿಯವನ ಹತ್ರ ಜಗಳಕ್ಕೆ ಹೋಗಬೇಡಿ.

ಎರಡು ಎಚ್ಚರಿಕೆ. ಎಂಟು ಚಾನೆಲ್ ಸಿಗೋದು 44.1 ಅಥವಾ 48 ಕಿಲೋಹರ್ಟ್ಸ್‌ನಲ್ಲಿ. 96ಕ್ಕೆ ಹೋದರೆ ನಾಲ್ಕೇ. ಡ್ರಮ್ಸ್‌ಗೆ 48 ಸಾಕು, ಜಂಬಕ್ಕೆ 96 ಬೇಡ. ಎರಡನೇದು, ಅದೇ ಆಕಾರದ ತೂತು ಕೆಲವು ಯಂತ್ರಗಳಲ್ಲಿ ಬರೀ ಎರಡು ಚಾನೆಲ್‌ನ ಎಸ್‌ಪಿಡಿಫ್‌ಗೆ ಮಾತ್ರ ಇರುತ್ತೆ. ಕೊಳ್ಳೋ ಮುಂಚೆ ಕೈಪಿಡಿ ಓದಿ. ಆ ತೂತೇ ಇಲ್ಲದ ಪೆಟ್ಟಿಗೆ ನಿಮ್ಮದಾದರೆ ಅದನ್ನ ಮಾರಿ, ಎಂಟು ಪ್ರೀಆಂಪ್‌ನದ್ದೇ ತಗೊಳ್ಳಿ. ಫೋಕಸ್‌ರೈಟ್ ಸ್ಕಾರ್ಲೆಟ್ 18ಐ20 ಥರದ್ದು. ಅದರಲ್ಲಿ ಎಂಟು ಮೈಕ್ ಹಿಡಿಯುತ್ತೆ, ಮುಂದೆ ಬೇಕಾದರೆ ಬೆಳಕಿನ ತಂತಿಯಲ್ಲಿ ಇನ್ನೆಂಟು.

"ಕಂಪ್ಯೂಟರ್ ತಡೆಯುತ್ತಾ?" ಅನ್ನೋರಿಗೆ ಒಂದು ಸಣ್ಣ ಲೆಕ್ಕ. 24 ಬಿಟ್, 48 ಕಿಲೋಹರ್ಟ್ಸ್, ಎಂಟು ಚಾನೆಲ್ ಸೇರಿ ಸೆಕೆಂಡಿಗೆ ಸುಮಾರು 9.2 ಮೆಗಾಬಿಟ್. ಹಳೇ ಯುಎಸ್‌ಬಿ 2.0ರ ಸಾಮರ್ಥ್ಯ 480. ಐದು ನಿಮಿಷದ ಹಾಡಿಗೆ ಡಿಸ್ಕಿನಲ್ಲಿ ಸುಮಾರು 345 ಎಂಬಿ. ನಿಮ್ಮ ಮೊಬೈಲಲ್ಲಿರೋ ಶುಭೋದಯ ವಿಡಿಯೋಗಳು ಅದಕ್ಕಿಂತ ಹೆಚ್ಚು ಜಾಗ ತಿಂತಿರುತ್ತವೆ.

ಈಗ ಮೂರನೇ ಆಕ್ಷೇಪಣೆ. ಇದೇ ನಿಜವಾದ ಜಗಳ. "ನೀನು ಎಷ್ಟೇ ಮೈಕ್ ಇಡು, ನಿನ್ನ ರೂಮಿನ ಡ್ರಮ್ಸ್‌ಗಿಂತ ಸ್ಯಾಂಪಲ್ ಚೆನ್ನಾಗಿರುತ್ತೆ."

ಬಹಳ ಸಲ ಇದು ನಿಜ, ನಾನು ಅಲ್ಲಗಳೆಯಲ್ಲ. ಯಂತ್ರದ ತಾಳದ ಮೇಲೂ ನನಗೆ ದ್ವೇಷ ಇಲ್ಲ. 1980ರಲ್ಲಿ ರೋಜರ್ ಲಿನ್ ತಮ್ಮ ಎಲ್‌ಎಂ-1 ಯಂತ್ರದಲ್ಲಿ ನಿಜವಾದ ಡ್ರಮ್ಮಿನ ಸದ್ದನ್ನೇ ಡಿಜಿಟಲ್ ಆಗಿ ತುಂಬಿದರು, ರೋಲ್ಯಾಂಡ್‌ನ ಟಿಆರ್-808 ಕೂಡ ಅದೇ ವರ್ಷ ಬಂತು. ಅವುಗಳಿಂದ ಹೊಸ ಸಂಗೀತವೇ ಹುಟ್ಟಿತು. ಯಂತ್ರ ಯಂತ್ರದ ಥರ ಕೇಳಿಸಲಿ, ಸಂತೋಷ. ನನ್ನ ತಕರಾರು ಇರೋದು ಮನುಷ್ಯ ಬಾರಿಸಿದ ಹಾಗೆ ನಟಿಸೋ ಹಾಡುಗಳ ಬಗ್ಗೆ.

ಯಾಕೆಂದರೆ ಆ ಸ್ಯಾಂಪಲ್ ಎಲ್ಲಿಂದ ಬಂತು? ಯಾವುದೋ ದೇಶದ ದೊಡ್ಡ ಹಾಲ್‌ನಲ್ಲಿ, ಒಬ್ಬ ಒಳ್ಳೇ ಡ್ರಮ್ಮರ್, ಹತ್ತು ಹನ್ನೆರಡು ಮೈಕ್ ಮುಂದೆ ಕೂತು ಬಾರಿಸಿದ್ದರಿಂದ. ಅಂದರೆ "ಚಾನೆಲ್ ಬೇಡ, ಡ್ರಮ್ಮರ್ ಬೇಡ" ಅನ್ನೋರು ಬಳಸ್ತಿರೋದು ಇನ್ಯಾರದೋ ಚಾನೆಲ್ಲು, ಇನ್ಯಾರದೋ ಡ್ರಮ್ಮರ್! ಬೇಡ ಅಂದಿದ್ದು ನಮ್ಮೂರಿನವನನ್ನ ಮಾತ್ರ.

ಒಂದು ಕಾಲದಲ್ಲಿ ಕನ್ನಡ ಸಿನಿಮಾ ಹಾಡುಗಳ ರೆಕಾರ್ಡಿಂಗಿಗೆ ಮದರಾಸಿಗೇ ಓಡಬೇಕಿತ್ತು. ಶಂಕರ್‌ನಾಗ್ ಬೆಂಗಳೂರಿನಲ್ಲಿ ಸಂಕೇತ್ ಸ್ಟುಡಿಯೋ ಕಟ್ಟಿದರು. ಅಲ್ಲೇ ಎಲ್ಲಾ ಇದೆಯಲ್ಲ ಅಂತ ಅವರೂ ಸುಮ್ಮನಿರಬಹುದಿತ್ತು. ಇವತ್ತು ಮನೆಮನೆಯಲ್ಲಿ ಸ್ಟುಡಿಯೋ ಇದೆ, ಆದರೆ ತಾಳ ಮಾತ್ರ ಮತ್ತೆ ಹೊರಗಿನಿಂದಲೇ ಬರ್ತಿದೆ. ಈ ಸಲ ರೈಲು ಹತ್ತೋ ಕಷ್ಟವೂ ಇಲ್ಲ, ಡೌನ್‌ಲೋಡ್ ಆಗುತ್ತೆ.

ಮತ್ತೆ ನಮ್ಮ ಡೊಳ್ಳು, ತಮಟೆ, ಚಂಡೆ? ನಾನು ನೋಡಿದ ಸ್ಯಾಂಪಲ್ ಪೊಟ್ಟಣಗಳಲ್ಲಿ ಭಾರತ ಅಂದರೆ ತಬಲಾ, ಢೋಲಕ್, ಪಂಜಾಬಿನ ಢೋಲ್. ಹಾಗಾಗಿ ನಮ್ಮೂರ ಜಾತ್ರೆಯ ಹಾಡಿಗೂ ಪಂಜಾಬಿ ಢೋಲು ಕುಣಿಯುತ್ತೆ. ಡೊಳ್ಳಿನ ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಅಂಗೈ. ಎರಡು ಮುಖಕ್ಕೆ ಎರಡು ಮೈಕ್ ಬೇಕೇ ಬೇಕು. ತಮಟೆ ಚರ್ಮ ಬೆಂಕಿಗೆ ಕಾಯಿಸಿದ ಮೇಲೆ ಒಂದು ಸದ್ದು, ಆರುತ್ತಾ ಹೋದ ಹಾಗೆ ಇನ್ನೊಂದು. ಅದು ಯಾವ ಪೊಟ್ಟಣದಲ್ಲೂ ನನಗೆ ಸಿಕ್ಕಿಲ್ಲ. ಯಕ್ಷಗಾನದ ಹಿಮ್ಮೇಳ ಲೆಕ್ಕ ಹಾಕಿ: ಭಾಗವತರಿಗೆ ಒಂದು, ಮದ್ದಳೆಯ ಎರಡು ಬದಿಗೆ ಎರಡು, ಚಂಡೆಗೆ ಒಂದು, ಶ್ರುತಿಗೆ ಒಂದು, ಒಟ್ಟು ಸದ್ದಿಗೆ ದೂರದಲ್ಲಿ ಎರಡು. ಏಳಾಯ್ತು, ಇನ್ನೂ ಒಂದು ಉಳಿಯಿತು! ಎಂಟು ಚಾನೆಲ್ ಅಂದರೆ ಬರೀ ರಾಕ್ ಬ್ಯಾಂಡಿನವರ ಮಾತಲ್ಲ, ಒಂದಿಡೀ ಹಿಮ್ಮೇಳ ನಿಮ್ಮ ಮನೆಗೆ ಬಂದು ಕೂರಬಹುದು ಅಂತ ಅರ್ಥ.

ನನಗೆ ಗೊತ್ತಿರೋ ಒಬ್ಬ ಡ್ರಮ್ಮರ್ ಇದ್ದಾನೆ. ಗಣೇಶನ ಹಬ್ಬದ ಆರ್ಕೆಸ್ಟ್ರಾ, ಮದುವೆ ರಿಸೆಪ್ಷನ್ನು, ಇವೇ ಜೀವನ. ಒಂದು ಮನೆ ಸ್ಟುಡಿಯೋದವರು ಅವನನ್ನ ಕರೆಸಿ, ಹಾಡು ಬಾರಿಸೋಕೆ ಹೇಳಲಿಲ್ಲ. ಒಂದೊಂದು ಡ್ರಮ್ಮನ್ನೂ ಮೆಲ್ಲಗೆ, ಮಧ್ಯಮ, ಜೋರು ಅಂತ ಬಿಡಿ ಬಿಡಿ ಏಟು ಹೊಡೆಸಿಕೊಂಡರು. ಎರಡು ಮೈಕು, ಎರಡು ಗಂಟೆ, ಎರಡು ಗಂಟೆಯ ದುಡ್ಡು. ಆಮೇಲೆ ಆ ಏಟುಗಳನ್ನ ಕಂಪ್ಯೂಟರಿನಲ್ಲಿ ಜೋಡಿಸಿ ಹಾಡಿನ ಮೇಲೆ ಹಾಡು ಮಾಡಿಕೊಂಡರು, ಇವನನ್ನ ಮತ್ತೆ ಕರೆಯಲಿಲ್ಲ. "ಸದ್ದು ನಂದೇ ಅಣ್ಣ, ಬಾರಿಸಿರೋ ಕೈ ಮಾತ್ರ ನಂದಲ್ಲ" ಅಂದ. ಅವನ ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ. ನನಗೆ ಅವತ್ತಿನಿಂದ ಈ "ಎರಡು ಸಾಕು" ಅನ್ನೋ ಮಾತು ಕೇಳಿದರೆ ಮೈ ಉರಿಯುತ್ತೆ.

ಎಂಟು ಚಾನೆಲ್ ತಂದ ಮಾತ್ರಕ್ಕೆ ಅವನ ಹೊಟ್ಟೆ ತುಂಬಲ್ಲ, ಗೊತ್ತು. ಆದರೆ ಅವನನ್ನ ಕರೆಯದೇ ಇರೋಕೆ ಇದ್ದ ಒಂದು ನೆಪ ಕಳಚಿಬೀಳುತ್ತೆ. ಹಾಡಿನ ಎರಡನೇ ಚರಣದಲ್ಲಿ ಗಾಯಕಿ ಒಂಚೂರು ತಡೆದು ಹಾಡಿದರೆ, ಅವಳನ್ನ ಕೇಳಿಸಿಕೊಂಡು ತಾನೂ ತಡೆಯೋನು ಅವನು. ಸ್ಯಾಂಪಲ್ ಯಾರನ್ನೂ ಕೇಳಿಸಿಕೊಳ್ಳಲ್ಲ.

ಹಾಗಂತ ಹದಿನಾರು, ಇಪ್ಪತ್ನಾಲ್ಕು ಅಂತ ಲೆಕ್ಕ ಬೆಳೆಸುತ್ತಾ ಹೋಗೋರ ಪಕ್ಷವೂ ನನ್ನದಲ್ಲ. ಅದು ಇನ್ನೊಂದು ರೋಗ. ಎಂಟು ಸಾಕು. ಮೈಕುಗಳನ್ನೂ ಒಂದೇ ಸಲ ಕೊಳ್ಳಬೇಕಿಲ್ಲ. ಮೊದಲು ಕಿಕ್, ಸ್ನೇರ್, ಎರಡು ಓವರ್‌ಹೆಡ್. ಎರಡು ಓವರ್‌ಹೆಡ್‌ಗೂ ಸ್ನೇರ್‌ನಿಂದ ಸಮ ದೂರ ಇರಲಿ, ಒಂದು ದಾರ ಹಿಡಿದು ಅಳೆದರೆ ಮುಗೀತು. ಆಮೇಲೆ ಟಾಮ್‌ಗಳಿಗೆ, ಎಲ್ಲಕ್ಕಿಂತ ಕೊನೆಗೆ ಹೈಹ್ಯಾಟಿಗೆ, ಯಾಕೆಂದರೆ ಅದು ಕರೆಯದಿದ್ದರೂ ಎಲ್ಲಾ ಮೈಕಿಗೂ ಬರೋ ನೆಂಟ :-) ಓವರ್‌ಹೆಡ್‌ಗೆ ಕಂಡೆನ್ಸರ್ ಮೈಕ್ ಹಾಕಿದರೆ 48 ವೋಲ್ಟ್ ಫ್ಯಾಂಟಮ್ ಆನ್ ಮಾಡಿ. ನೆರೆಮನೆಯವರಿಗೆ ಮುಂಚೆಯೇ ಹೇಳಿ, ಹಗಲು ಹೊತ್ತಲ್ಲೇ ಮುಗಿಸಿ.

ಇಷ್ಟೆಲ್ಲ ಒಬ್ಬನ ಕೈಲಾಗಲ್ಲ ಅನ್ನೋರಿಗೆ ಕೊನೆಯ ಮಾತು. ಆ ಎಂಟು ಚಾನೆಲ್‌ನ ಎಡಾಟ್ ಪೆಟ್ಟಿಗೆ ಇದೆಯಲ್ಲ, ಅದು ನಿಮ್ಮ ಇಂಟರ್‌ಫೇಸಿಗೆ ಅಂಟಿಕೊಂಡಿರೋದು ಒಂದೇ ಒಂದು ತಂತಿಯಿಂದ. ಬಿಚ್ಚಿ ಬ್ಯಾಗಿನಲ್ಲಿ ಹಾಕಿಕೊಂಡು ಇನ್ನೊಂದು ಮನೆಗೆ ಹೋಗಬಹುದು. ಹಿಂದೆ ಬೀದಿಗೊಂದು ಒಬ್ಬಟ್ಟಿನ ರುಬ್ಬೋ ಕಲ್ಲು ಇದ್ದು ಹಬ್ಬಕ್ಕೆ ಎಲ್ಲರೂ ಅಲ್ಲೇ ರುಬ್ಬಿಕೊಳ್ತಿದ್ದರಂತೆ. ಹಾಗೆ ನಾಲ್ಕು ಮನೆ ಸ್ಟುಡಿಯೋದವರು ಸೇರಿ ಒಂದು ಪೆಟ್ಟಿಗೆ ಕೊಳ್ಳಿ. ತಿಂಗಳಿಗೊಂದು ವಾರ ಒಬ್ಬೊಬ್ಬರ ಮನೆಯಲ್ಲಿರಲಿ. ಅದು ನಿಮ್ಮ ಮನೆಗೆ ಬಂದ ವಾರ ನಿಮ್ಮೂರ ಡ್ರಮ್ಮರ್‌ಗೋ, ತಮಟೆಯವರಿಗೋ ಒಂದು ಫೋನ್ ಮಾಡಿ. ಬಿಡಿ ಏಟು ಕೇಳಬೇಡಿ, ಹಾಡು ಬಾರಿಸೋಕೆ ಕರೆಯಿರಿ. ದುಡ್ಡೂ ಹಾಡಿನ ಲೆಕ್ಕದಲ್ಲೇ ಕೊಡಿ.

ಸ್ಯಾಂಪಲ್ ಪರ ಇರೋರು ಬೈಯೋದಿದ್ದರೆ ಇಲ್ಲೇ ಕೆಳಗೆ ಬೈಯಿರಿ, ಜಗಳಕ್ಕೆ ನಾನು ರೆಡಿ. ಏನಂತೀರಿ?